ಸಿಂಗಾಪುರದ ನಡುಮಧ್ಯೆ ಮಲೇಷ್ಯಾ ಕೈಲಿದ್ದ ತಂಜೋಂಗ್ ಪಗಾರ್ ಸ್ಟೇಷನ್ನಿನ ಕಥೆ

ಸಿಂಗಾಪುರದಿಂದ ಮಲೇಷ್ಯಾಕ್ಕೆ ಹೋಗೋ ಟ್ರೈನ್ ಹತ್ತೋಕೆ ಮುಂಚೆನೇ ಮಲೇಷ್ಯಾ ಇಮಿಗ್ರೇಷನ್‌ನವರು ಪಾಸ್‌ಪೋರ್ಟ್ ನೋಡಿ ಒಳಗೆ ಬಿಡ್ತಿದ್ರು, ಆಮೇಲೆ ಟ್ರೈನ್ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಸಿಂಗಾಪುರದೊಳಗೇ ಓಡಿ ಉತ್ತರದ ಗಡಿಯ ವುಡ್‌ಲ್ಯಾಂಡ್ಸ್ ಮುಟ್ಟಿದ್ಮೇಲೆ ಸಿಂಗಾಪುರದವರು ಇವರು ದೇಶ ಬಿಟ್ರು ಅಂತ ಲೆಕ್ಕಕ್ಕೆ ತಗೋತಿದ್ರು. ಒಂದು ದೇಶ ಬಿಡೋ ಮೊದಲೇ ಇನ್ನೊಂದು ದೇಶಕ್ಕೆ ಕಾಲಿಟ್ಟ ಹಾಗೆ. 1998ರಿಂದ 2011ರವರೆಗೆ ತಂಜೋಂಗ್ ಪಗಾರ್ ಸ್ಟೇಷನ್ನಲ್ಲಿ ದಿನಾ ಹಿಂಗೇ ನಡೀತಿತ್ತು. ಈಗ ಆ ಸ್ಟೇಷನ್ ಅಡಿಯಲ್ಲೇ ಮೆಟ್ರೋ ಸ್ಟೇಷನ್ ತೋಡಿದ್ದಾರೆ, ಮೇಲಿನ ಹಳೇ ಬಿಲ್ಡಿಂಗ್ ಏನಾಗ್ಬೇಕು ಅನ್ನೋ ಮಾತು ಆಗಾಗ ಬರುತ್ತೆ, ಆದ್ರೆ ಅದು ಉಳ್ಕೊಂಡಿದ್ದು ಹೇಗೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಸಿಂಗಾಪುರಕ್ಕೆ ರೈಲು ಬಂದಿದ್ದು 1903ರಲ್ಲಿ. ಆಗ ಸ್ಟೇಷನ್ ಇದ್ದಿದ್ದು ಟ್ಯಾಂಕ್ ರೋಡಲ್ಲಿ, ಆಚೆ ದಡದ ಜೊಹೋರ್‌ಗೆ ಹೋಗೋಕೆ ಲೈನಿನ ಕೊನೇಲಿ ಇಳಿದು ದೋಣಿ ಹತ್ತಬೇಕಿತ್ತು. 1923ರಲ್ಲಿ ಸಮುದ್ರದ ಮೇಲೆ ಕಟ್ಟಿದ ಕಾಸ್‌ವೇ ಅನ್ನೋ ದಾರಿ ದಾಟಿ ಟ್ರೈನ್ ಓಡೋಕೆ ಶುರುವಾಯ್ತು, ಬಂದರಿಗೆ ಹತ್ತಿರ ಒಂದು ದೊಡ್ಡ ಸ್ಟೇಷನ್ ಬೇಕು ಅನ್ನಿಸ್ತು, ಸ್ವಾನ್ ಆಂಡ್ ಮೆಕ್ಲಾರೆನ್ ಕಂಪನಿಯವರ ಡಿಸೈನಲ್ಲಿ ಕಟ್ಟಿ 1932ರ ಮೇ 2ರಂದು ಗವರ್ನರ್ ಸೆಸಿಲ್ ಕ್ಲೆಮೆಂಟಿ ಓಪನ್ ಮಾಡಿದ್ರು. ಮುಂಬಾಗಿಲ ಮೇಲೆ ನಾಲ್ಕು ದೊಡ್ಡ ಅಮೃತಶಿಲೆ ಮೂರ್ತಿಗಳಿವೆ, ಕೃಷಿ, ವ್ಯಾಪಾರ, ಸಾರಿಗೆ, ಕೈಗಾರಿಕೆ ಅಂತ, ಜೊತೆಗೆ ಎಫ್ ಎಂ ಎಸ್ ಆರ್ ಅನ್ನೋ ನಾಲ್ಕಕ್ಷರ, ಅಂದ್ರೆ ಫೆಡರೇಟೆಡ್ ಮಲಯ್ ಸ್ಟೇಟ್ಸ್ ರೈಲ್ವೇಸ್. ಒಳಗೆ ಕಮಾನಿನ ಎತ್ತರದ ಹಾಲ್, ಅದರ ಗೋಡೆ ಮೇಲೆ ರಬ್ಬರ್ ಟೈಲಲ್ಲಿ ಮಾಡಿದ ದೊಡ್ಡ ಚಿತ್ರಗಳು: ಭತ್ತದ ನಾಟಿ, ರಬ್ಬರ್ ಹಾಲು ಇಳಿಸೋದು, ತವರದ ಗಣಿ, ಎತ್ತಿನ ಗಾಡಿ. ಮಲಯಾದ ದುಡ್ಡೆಲ್ಲ ಎಲ್ಲಿಂದ ಬರ್ತಿತ್ತು ಅಂತ ಆ ಗೋಡೆ ನೋಡಿದ್ರೆ ತಿಳಿಯುತ್ತೆ. ಮೇಲ್ಗಡೆ ಹೋಟೆಲ್ ರೂಮುಗಳೂ ಇದ್ವು.

ಈ ಸ್ಟೇಷನ್ ಮೇಲೆ ಎರಡೂ ದೇಶಕ್ಕಿದ್ದ ಜಗಳದ ಬೇರು ಇದಕ್ಕಿಂತ ಹಳೇದು. 1918ರಲ್ಲಿ ಸಿಂಗಾಪುರದ ರೈಲ್ವೆ ಮಲಯ ರೈಲ್ವೆ ಕೈಗೆ ಹೋಯ್ತು, ಹಳಿ ಪಕ್ಕದ ಜಾಗದಲ್ಲಿ ಬಹುಪಾಲು 999 ವರ್ಷದ ಲೀಸಿಗೆ ಕೊಟ್ರು. ಎರಡೂ ಕಡೆ ಬ್ರಿಟಿಷರೇ ಆಳ್ತಿದ್ರಲ್ಲ, ಯಾರ ಹೆಸರಲ್ಲಿದ್ರೇನು ಅನ್ನೋ ಕಾಲ ಅದು. 1965ರಲ್ಲಿ ಸಿಂಗಾಪುರ ಮಲೇಷ್ಯಾದಿಂದ ಬೇರೆ ಆದಾಗ ಆ ಲೀಸ್ ಹಾಗೇ ಉಳೀತು. ಅಂಗೈ ಅಗಲದ ದೇಶ, ಒಂದೊಂದು ಅಡಿ ಜಾಗಕ್ಕೂ ಲೆಕ್ಕ, ಅಂಥದ್ರಲ್ಲಿ ದಕ್ಷಿಣದ ಬಂದರಿಂದ ಉತ್ತರದ ತುದಿವರೆಗೆ ಉದ್ದಕ್ಕೂ ಒಂದು ಪಟ್ಟಿ ಪಕ್ಕದ ದೇಶದ ರೈಲ್ವೆ ಕೈಲಿ.

1990ರ ನವೆಂಬರ್ 27ಕ್ಕೆ ಸಿಂಗಾಪುರದ ಪ್ರಧಾನಿ ಲೀ ಕುವಾನ್ ಯೂ ಮತ್ತು ಮಲೇಷ್ಯಾದ ಹಣಕಾಸು ಮಂತ್ರಿ ದಾಯಿಮ್ ಜೈನುದ್ದೀನ್ ಒಂದು ಒಪ್ಪಂದಕ್ಕೆ ಸೈನ್ ಹಾಕಿದ್ರು. ಸ್ಟೇಷನ್ ಸಿಟಿಯಿಂದ ಆಚೆ ಹೋಗ್ಬೇಕು, ತಂಜೋಂಗ್ ಪಗಾರ್, ಕ್ರಾಂಜಿ, ವುಡ್‌ಲ್ಯಾಂಡ್ಸ್ ಮೂರು ಕಡೆ ಜಾಗನ ಎರಡೂ ದೇಶ ಸೇರಿ ಡೆವಲಪ್ ಮಾಡ್ಬೇಕು ಅಂತ. ಕೇಳೋಕೆ ಸುಲಭ. ಆದ್ರೆ ಯಾವಾಗ ಹೋಗ್ಬೇಕು, ಬದಲಿಗೆ ಎಷ್ಟು ಜಾಗ ಅನ್ನೋದ್ರಲ್ಲಿ ಇಬ್ಬರೂ ಬೇರೆ ಬೇರೆ ಅರ್ಥ ಮಾಡ್ಕೊಂಡ್ರು. 1998ರ ಆಗಸ್ಟಲ್ಲಿ ಸಿಂಗಾಪುರ ತನ್ನ ಚೆಕ್‌ಪೋಸ್ಟನ್ನ ವುಡ್‌ಲ್ಯಾಂಡ್ಸ್‌ಗೆ ಶಿಫ್ಟ್ ಮಾಡ್ತು, ಮಲೇಷ್ಯಾದವರು ನಾವು ಇಲ್ಲೇ ಇರ್ತೀವಿ ಅಂದ್ರು, ಮೊದಲು ಹೇಳಿದ ಆ ಪಾಸ್‌ಪೋರ್ಟ್ ಪಾಡು ಶುರುವಾಗಿದ್ದು ಆವಾಗ್ಲೇ.

ನನಗನ್ನಿಸೋದು, ಈ ಇಪ್ಪತ್ತು ವರ್ಷದ ಹಗ್ಗಜಗ್ಗಾಟನೇ ಸ್ಟೇಷನ್ನನ್ನ ಉಳಿಸಿದ್ದು. ಆ ಇಪ್ಪತ್ತು ವರ್ಷದಲ್ಲಿ ಸುತ್ತಮುತ್ತ ಎಲ್ಲಾ ಮುಗಿಲೆತ್ತರ ಟವರ್ ಎದ್ವು, ಇಲ್ಲಿ ಮಾತ್ರ ಯಾರೂ ಒಂದು ಇಟ್ಟಿಗೆ ಅಲ್ಲಾಡಿಸೋ ಹಾಗಿರ್ಲಿಲ್ಲ. ಪ್ಲಾಟ್‌ಫಾರ್ಮ್ ಪಕ್ಕದ ಊಟದ ಅಂಗಡಿಗಳು, ಪ್ರಾಟಾ (ನಮ್ಮ ಪರೋಟಾ ಥರದ್ದು), ಬಿರಿಯಾನಿ, ರಾತ್ರಿ ಹೊತ್ತಲ್ಲೂ ಟೀ ಕುಡಿಯೋಕೆ ಬರೋ ಟ್ಯಾಕ್ಸಿ ಡ್ರೈವರ್‌ಗಳು, ಎಲ್ಲಾ ಹಾಗೇ ನಡೀತು. ಹಳಿ ಪಕ್ಕ ಕಾಡು ಬೆಳೀತು.

2010ರ ಮೇ ತಿಂಗಳಲ್ಲಿ ಆಗಿನ ಪ್ರಧಾನಿಗಳು, ಮಲೇಷ್ಯಾದ ನಜೀಬ್ ರಜಾಕ್ ಮತ್ತು ಸಿಂಗಾಪುರದ ಲೀ ಹ್ಸಿಯೆನ್ ಲೂಂಗ್, ಕೂತು ಗಂಟು ಬಿಡಿಸಿದ್ರು. ರೈಲ್ವೆ ಜಾಗ ಸಿಂಗಾಪುರಕ್ಕೆ, ಬದಲಿಗೆ ಮರೀನಾ ಸೌತ್ ಮತ್ತೆ ಓಫಿರ್-ರೋಚೋರಲ್ಲಿ ಒಟ್ಟು ಆರು ಪ್ಲಾಟು, ಅದನ್ನ ಡೆವಲಪ್ ಮಾಡೋಕೆ ಮಲೇಷ್ಯಾದ್ದು 60, ಸಿಂಗಾಪುರದ್ದು 40 ಪರ್ಸೆಂಟ್ ಪಾಲಿನ ಕಂಪನಿ. ಮರೀನಾ ಒನ್, ಡುವೋ ಅನ್ನೋ ಕಟ್ಟಡಗಳು ಎದ್ದಿದ್ದು ಹೀಗೆ. 1990ರ ಒಪ್ಪಂದದ ಹಳೇ ಮೂರು ಜಾಗಕ್ಕೆ ಡೆವಲಪ್‌ಮೆಂಟ್ ಚಾರ್ಜ್, ಅಂದ್ರೆ ಜಾಗ ಡೆವಲಪ್ ಮಾಡೋಕೆ ಸರ್ಕಾರಕ್ಕೆ ಕೊಡೋ ಶುಲ್ಕ, ಕಟ್ಟಬೇಕಿತ್ತಾ ಅಂತ ಒಂದು ತಕರಾರು ಉಳಿದಿತ್ತು, ಅದು ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಿ 2014ರಲ್ಲಿ ಕಟ್ಟಬೇಕಿಲ್ಲ ಅಂತ ತೀರ್ಮಾನ ಆಯ್ತು, ಎರಡೂ ದೇಶ ಒಪ್ಕೊಂಡ್ವು.

ಕೊನೇ ಟ್ರೈನ್ 2011ರ ಜೂನ್ 30ರ ರಾತ್ರಿ. ಓಡಿಸಿದ್ದು ಜೊಹೋರ್ ಸುಲ್ತಾನ್ ಇಬ್ರಾಹಿಂ, ಕಾಸ್‌ವೇ ಕಟ್ಟಿದ ಕಾಲದಲ್ಲಿ ಜೊಹೋರ್ ಆಳ್ತಿದ್ದವರು ಇವರ ಮುತ್ತಜ್ಜ. ಅಷ್ಟು ಹೊತ್ತಿಗೆ, ಅಂದ್ರೆ ಅದೇ ವರ್ಷ ಏಪ್ರಿಲಲ್ಲಿ, ಸ್ಟೇಷನ್ನನ್ನ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿ ಆಗಿತ್ತು, ಆದ್ದರಿಂದ ಕೆಡವೋ ಭಯ ಇರ್ಲಿಲ್ಲ. ಹಳಿ ಕಿತ್ತು ಮಲೇಷ್ಯಾಗೆ ವಾಪಸ್ ಕೊಟ್ರು, ಕೀಳೋಕೆ ಮುಂಚೆ ಜನರಿಗೆ ಕೆಲವು ದಿನ ಹಳಿ ಮೇಲೆ ನಡೆಯೋಕೆ ಬಿಟ್ಟಿದ್ರು. ಹಳಿ ಇದ್ದ ಆ ಪಟ್ಟಿನ ಮನೆ ಕಟ್ಟೋಕೆ ಕೊಡ್ಬೇಡಿ, ಹಸಿರಾಗೇ ಬಿಡಿ ಅಂತ ನೇಚರ್ ಸೊಸೈಟಿಯವರು 2010ರಲ್ಲೇ ಪ್ರಪೋಸಲ್ ಕೊಟ್ಟಿದ್ರು. ಇವತ್ತು ಅದು 24 ಕಿಲೋಮೀಟರ್ ಉದ್ದದ ರೈಲ್ ಕಾರಿಡಾರ್, ಬುಕಿಟ್ ತಿಮಾದ ಪುಟ್ಟ ಸ್ಟೇಷನ್ ಮತ್ತೆ ಕಬ್ಬಿಣದ ಸೇತುವೆಗಳು ಹಾಗೇ ಇವೆ. ಭಾನುವಾರ ಬೆಳಿಗ್ಗೆ ಹೋಗಿ ನೋಡಿ, ಅಜ್ಜಿ ತಾತಂದಿರಿಂದ ಹಿಡಿದು ಸೈಕಲ್ ಮಕ್ಕಳವರೆಗೆ ಎಲ್ಲಾ ಅಲ್ಲೇ ಇರ್ತಾರೆ.

ತಂಜೋಂಗ್ ಪಗಾರ್ ಮಾತ್ರ 2016ರ ಕೊನೆಗೆ ಬಾಗಿಲು ಹಾಕ್ತು, ಸರ್ಕಲ್ ಲೈನಿನ ಮೆಟ್ರೋ ಸ್ಟೇಷನ್ ಅದರಡಿಯಲ್ಲೇ ತೋಡಬೇಕಿತ್ತು, ಅದಕ್ಕೆ ಪ್ಲಾಟ್‌ಫಾರ್ಮಿನ ಒಂದಷ್ಟು ಭಾಗ ಬಿಚ್ಚಿಟ್ಟು ಮತ್ತೆ ಜೋಡಿಸೋ ಪ್ಲಾನು. ಮೆಟ್ರೋಗಿಟ್ಟ ಹೆಸರು ಕ್ಯಾಂಟೋನ್ಮೆಂಟ್. ನಮ್ಮ ಬೆಂಗಳೂರಿನ ದಂಡು ಸ್ಟೇಷನ್ ನೆನಪಾಗದೇ ಇರೋಕೆ ಸಾಧ್ಯನಾ?

ಮೇಲಿನ ಬಿಲ್ಡಿಂಗ್ ಜನರಿಗೆ ಸಮುದಾಯದ ಜಾಗ ಆಗ್ಬೇಕು ಅನ್ನೋದು ಸರ್ಕಾರದ ವಿಚಾರ, 2015ರಲ್ಲಿ ಅದಕ್ಕೆ ಡಿಸೈನ್ ಸ್ಪರ್ಧೆನೂ ನಡೀತು. ಒಳ್ಳೇದೇ. ನನ್ನ ಆಸೆ ಚಿಕ್ಕದು. ಆ ಹಾಲ್‌ನಲ್ಲಿ ದುಬಾರಿ ರೆಸ್ಟೋರೆಂಟ್ ತುಂಬದೇ ಇರ್ಲಿ, ಆ ಉದ್ದನೆ ಪ್ಲಾಟ್‌ಫಾರ್ಮ್ ಟೇಬಲ್ ಕುರ್ಚಿ ಇಲ್ಲದೆ ಖಾಲಿ ಇರ್ಲಿ, ಈ ತುದೀಲಿ ನಿಂತ್ರೆ ಆ ತುದಿ ಕಾಣ್ಲಿ, ಒಂದು ಮೂಲೇಲಿ ಹತ್ತು ಜನ ಕೂತು ಪ್ರಾಟಾ ತಿನ್ನೋ ಅಂಗಡಿ ಒಂದಿರ್ಲಿ.