ನಾಲ್ಕು ‘ಪಿ’ ಕಲಿಸಲು ಒಂದು ಪೊಟ್ಟಣ ದೋಸೆ ಹಿಟ್ಟು

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ವ್ಯವಹಾರ ಅಧ್ಯಯನ ಕಲಿಸುತ್ತೇನೆ. ಉತ್ಪನ್ನ (ಪ್ರಾಡಕ್ಟ್), ಬೆಲೆ (ಪ್ರೈಸ್), ಸ್ಥಳ (ಪ್ಲೇಸ್), ಪ್ರಚಾರ (ಪ್ರಮೋಷನ್) ಎಂದು ಮಾರುಕಟ್ಟೆ ಮಿಶ್ರಣದ ನಾಲ್ಕು ‘ಪಿ’ಗಳನ್ನು ವಿದ್ಯಾರ್ಥಿಗಳು ತಡವರಿಸದೆ ಒಪ್ಪಿಸುತ್ತಾರೆ. ಹೊಸ ಉತ್ಪನ್ನವೊಂದನ್ನು ಮಾರುಕಟ್ಟೆಗೆ ಇಳಿಸುವ ಯೋಜನೆ ಮಾಡಿ ಎಂದರೆ ಮಾತ್ರ ಬಣ್ಣದ ಪೋಸ್ಟರ್ ಬರೆದು ತರುತ್ತಾರೆ. ಎಲ್ಲಿ ಎಡವಟ್ಟಾಗುತ್ತಿದೆ?

ಉತ್ತರ: ಸಾಮಾನ್ಯವಾಗಿ ಮೊದಲ ದಿನವೇ. ಚಟುವಟಿಕೆ ಎಂದ ಕೂಡಲೇ ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ‘ಪಿ’ ಹಂಚಿಬಿಡುತ್ತೇವೆ. ಉತ್ಪನ್ನದ ಗುಂಪು ಏನು ತಯಾರಿಸುತ್ತಿದೆ ಎಂಬುದು ಬೆಲೆಯ ಗುಂಪಿಗೆ ತಿಳಿದಿರುವುದಿಲ್ಲ. ಪ್ರಚಾರದವರು ಹೆಸರೇನು, ಲೋಗೊ ಹೇಗಿರಬೇಕು, ಜಾಹೀರಾತಿಗೆ ಯಾವ ನಟ ಎಂದು ಪೀರಿಯಡ್‌ಗಳನ್ನು ಕಳೆಯುತ್ತಾರೆ. ಸ್ಥಳದವರು ‘ಬೆಂಗಳೂರು’ ಎಂದು ಬರೆದು ಕೈಕಟ್ಟಿ ಕೂರುತ್ತಾರೆ. ಮಿಶ್ರಣವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿರುತ್ತದೆ.

ಈ ಕಲ್ಪನೆಯನ್ನು ಪ್ರಚಲಿತಗೊಳಿಸಿದ ಹಾರ್ವರ್ಡ್‌ನ ನೀಲ್ ಬೋರ್ಡನ್ ಅವರ ಪಟ್ಟಿಯಲ್ಲಿ 12 ಅಂಶಗಳಿದ್ದವು. ನಾವು ಕಲಿಸುವ ನಾಲ್ಕರ ವಿಂಗಡಣೆ 1960ರಲ್ಲಿ ಜೆರೋಮ್ ಮೆಕಾರ್ಥಿ ಮಾಡಿದ್ದು. ಖಾನೆಗಳು ಎಷ್ಟಿರಬೇಕೆಂಬುದು ಅನುಕೂಲದ ಮಾತು. ಒಂದು ಖಾನೆಯಲ್ಲಿ ಮಾಡಿದ ತೀರ್ಮಾನ ಉಳಿದವುಗಳ ಕೈಯನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದು ಕಲಿಯಬೇಕಾದ ಸಂಗತಿ. ಹಾಗಾಗಿ ಪ್ರತಿ ಗುಂಪಿಗೂ ಇಡೀ ಯೋಜನೆಯನ್ನೇ ಕೊಡಿ, ಎಲ್ಲ ಗುಂಪುಗಳಿಗೂ ಒಂದೇ ಉತ್ಪನ್ನ ಇರಲಿ.

ನಾನಾದರೆ ದೋಸೆ ಹಿಟ್ಟನ್ನು ಆರಿಸುತ್ತೇನೆ. ಅದು ಎಲ್ಲರಿಗೂ ಗೊತ್ತು, ಜೊತೆಗೆ ಸೋಪು ಬಿಸ್ಕತ್ತುಗಳ ಹಾಗೆ ತೆಪ್ಪಗೆ ಕೂರುವ ಸರಕಲ್ಲ. ಪೊಟ್ಟಣದೊಳಗೆ ಸೇರಿದ ಮೇಲೂ ಹುದುಗುತ್ತಲೇ ಇರುತ್ತದೆ. ತಂಪು ತಪ್ಪಿದರೆ ಪೊಟ್ಟಣ ಉಬ್ಬುತ್ತದೆ, ಹಿಟ್ಟು ಹುಳಿಯಾಗುತ್ತದೆ. ‘ಸಂರಕ್ಷಕ ಬೆರೆಸುವುದಿಲ್ಲ’ ಎಂದು ಉತ್ಪನ್ನದ ಖಾನೆಯಲ್ಲಿ ಬರೆದ ಮರುಕ್ಷಣವೇ ಸ್ಥಳದ ಖಾನೆ ಅರ್ಧ ತುಂಬಿದಂತೆ: ಫ್ರಿಜ್ ಇರುವ ಅಂಗಡಿಗಳು ಮಾತ್ರ, ದಿನವೂ ಹೋಗುವ ವಾಹನ, ಉಳಿದದ್ದನ್ನು ವಾಪಸ್ ತರುವ ಏರ್ಪಾಡು.

ಬೆಂಗಳೂರಿನಲ್ಲಿಯೇ ಇದಕ್ಕೆ ನಿಜವಾದ ಉದಾಹರಣೆಗಳಿವೆ. 2005ರಲ್ಲಿ ಐಡಿ ಫ್ರೆಶ್ ಸಂಸ್ಥೆ ಆರಂಭಿಸಿದ್ದು ಸಣ್ಣದೊಂದು ಅಡುಗೆಮನೆಯಲ್ಲಿ ರುಬ್ಬಿದ ಹಿಟ್ಟನ್ನು ಸುತ್ತಲಿನ ಕೆಲವೇ ಅಂಗಡಿಗಳಿಗೆ ಕೊಡುವುದರಿಂದ. 2024ರ ಡಿಸೆಂಬರ್‌ನಲ್ಲಿ ನಂದಿನಿ ಹಿಟ್ಟು ಬಂತು: 450 ಗ್ರಾಂಗೆ 40 ರೂಪಾಯಿ, 900 ಗ್ರಾಂಗೆ 80 ರೂಪಾಯಿ, ಜೊತೆಗೆ ಹಾಲಿನಿಂದ ತೆಗೆದ ವೇ ಪ್ರೋಟೀನ್. ಪ್ರೋಟೀನ್ ಹಾಕಿದ್ದೇಕೆ ಎಂದು ವಿದ್ಯಾರ್ಥಿಗಳು ಖಂಡಿತ ಚರ್ಚಿಸುತ್ತಾರೆ. ನೀವು ಕೇಳಬೇಕಾದದ್ದು ಬೇರೆ. ಬೆಳಗಿನ ಜಾವ ಹಾಲು ತಲುಪಿಸುವ ಜಾಲ, ಫ್ರಿಜ್ ಇರುವ ಮಳಿಗೆಗಳು, ಮನೆಮನೆಗೂ ಗೊತ್ತಿರುವ ಹೆಸರು, ಇಷ್ಟೆಲ್ಲ ಮೊದಲೇ ಇರುವ ಸಂಸ್ಥೆಗೂ ಹೊಸದಾಗಿ ಶುರುಮಾಡುವವರಿಗೂ ಒಂದೇ ಬೆಲೆ ಸಾಧ್ಯವೇ?

ಉತ್ತರ ಸಿಗಬೇಕಾದರೆ ಲೆಕ್ಕ ಹಾಕಿಸಬೇಕು. ಅಂಕಿಗಳು ಕಾಲ್ಪನಿಕವಾದರೂ ಅಡ್ಡಿಯಿಲ್ಲ. 80 ರೂಪಾಯಿಯ ಪೊಟ್ಟಣದಲ್ಲಿ ಅಂಗಡಿಯವರು ಮತ್ತು ವಿತರಕರ ಪಾಲು 14 ಎಂದುಕೊಳ್ಳಿ, ನಿಮಗೆ ಉಳಿಯುವುದು 66. ತಯಾರಿಸಿ ತಲುಪಿಸುವ ಖರ್ಚು 50. ನೂರು ಪೊಟ್ಟಣ ಕಳಿಸಿ ನೂರೂ ಮಾರಾಟವಾದರೆ 1,600 ರೂಪಾಯಿ ಲಾಭ. ಹತ್ತು ಹಳಸಿ ವಾಪಸ್ ಬಂದರೆ ಲಾಭ 940ಕ್ಕೆ ಇಳಿಯುತ್ತದೆ, ಇಪ್ಪತ್ತು ಬಂದರೆ 280. ಇಪ್ಪತ್ತೈದು ಬಂದರೆ 50 ರೂಪಾಯಿ ಕೈಯಿಂದ ಹೋಗುತ್ತದೆ. ಬೆಲೆಯ ಸಮಸ್ಯೆಯೆಂದು ತೋರುವುದು ಎಷ್ಟೋ ಸಲ ಸ್ಥಳದ, ಅಂದರೆ ವಿತರಣೆಯ ಸಮಸ್ಯೆ ಎಂಬುದನ್ನು ಹಲಗೆಯ ಮೇಲಿನ ಈ ನಾಲ್ಕು ಸಾಲು ತೋರಿಸುತ್ತವೆ.

ಇದಾದ ಮೇಲೆ ಮಕ್ಕಳನ್ನು ಅಂಗಡಿಗಳಿಗೆ ಕಳಿಸಿ. ‘ನಿಮಗೆ ಯಾವ ಬ್ರ್ಯಾಂಡ್ ಇಷ್ಟ?’ ಎಂಬ ಪ್ರಶ್ನಾವಳಿಯಿಂದ ಏನೂ ಹುಟ್ಟುವುದಿಲ್ಲ. ಹಿಟ್ಟು ಎಷ್ಟು ಗಂಟೆಗೆ ಬರುತ್ತದೆ, ಯಾವ ಹೊತ್ತಿನಲ್ಲಿ ಖರ್ಚಾಗುತ್ತದೆ, ಫ್ರಿಜ್ ಯಾರದು, ಕರೆಂಟ್ ಹೋದರೆ ಹಾಳಾದ ಮಾಲಿನ ನಷ್ಟ ಯಾರ ತಲೆಗೆ, ಇವನ್ನು ಕೇಳಿಕೊಂಡು ಬರಲಿ. ಪೊಟ್ಟಣವನ್ನು ತಿರುಗಿಸಿ ಹಿಂಬದಿಯನ್ನೂ ಓದಲಿ: ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಕರ ವಿಳಾಸ, ಎಫ್ಎಸ್ಎಸ್ಎಐ ಪರವಾನಗಿ ಸಂಖ್ಯೆ, ಯಾವ ದಿನಾಂಕದೊಳಗೆ ಬಳಸಬೇಕು ಎಂಬ ಸೂಚನೆ, ಸಸ್ಯಾಹಾರದ ಹಸಿರು ಚುಕ್ಕಿ. ಪೋಸ್ಟರಿನಲ್ಲಿ ಇವು ಯಾವುವೂ ಇರುವುದಿಲ್ಲ.

ಯೋಜನೆ ಸಿದ್ಧವಾದ ಮೇಲೆ ಅದನ್ನು ಕೆಡಿಸಿ. ಉದ್ದಿನ ಬೆಲೆ ಏರಿತು ಎನ್ನಿ. ಅಥವಾ ಎದುರಾಳಿ ಐದು ರೂಪಾಯಿ ಇಳಿಸಿದ ಎನ್ನಿ. ಷರತ್ತು ಒಂದೇ: ಒಂದು ‘ಪಿ’ ಬದಲಿಸಿದವರು ಉಳಿದ ಮೂರರಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ಹೇಳಬೇಕು. ‘ಬೆಲೆ ಇಳಿಸುತ್ತೇವೆ’ ಎಂದವರಿಗೆ ‘ಸರಿ, ಯಾರ ಪಾಲಿನಿಂದ?’ ಎಂದು ಕೇಳಿ. ಅಂಗಡಿಯವರ ಕಮಿಷನ್ ಕಡಿತ ಮಾಡಿದರೆ ಪೊಟ್ಟಣ ಫ್ರಿಜ್‌ನ ಮೂಲೆಗೆ ಸೇರುತ್ತದೆ. ತೂಕ ಇಳಿಸಿದರೆ ಮನೆಯೊಡತಿಗೆ ಮೊದಲ ದಿನವೇ ತಿಳಿಯುತ್ತದೆ, ಏಕೆಂದರೆ ದೋಸೆಗಳ ಎಣಿಕೆ ಅವರಿಗೆ ಬಾಯಿಪಾಠ.

ಅಂಕ ಕೊಡುವಾಗ ಪೋಸ್ಟರಿಗೆ ಹತ್ತರಲ್ಲಿ ಒಂದು ಸಾಕು. ಐದನ್ನಾದರೂ ತೀರ್ಮಾನಗಳ ಹೊಂದಾಣಿಕೆಗೆ ಇಡಿ, ಉಳಿದದ್ದು ಲೆಕ್ಕಕ್ಕೆ ಮತ್ತು ಅಂಗಡಿಯಿಂದ ತಂದ ಮಾಹಿತಿಗೆ. ಪರೀಕ್ಷೆಗೆ ಬೇಕಾದ ವ್ಯಾಖ್ಯಾನಗಳನ್ನು ಕೊನೆಯಲ್ಲಿ ಒಂದು ಪೀರಿಯಡ್ ಬರೆಸಿದರಾಯಿತು.

ಏಳು ‘ಪಿ’ಗಳನ್ನು ಸೇರಿಸಬೇಕೇ ಎಂದು ಯಾರಾದರೂ ಕೇಳಬಹುದು. ಜನರು, ಪ್ರಕ್ರಿಯೆ, ಕಣ್ಣಿಗೆ ಕಾಣುವ ಕುರುಹು ಎಂಬ ಮೂರನ್ನು 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಸೇರಿಸಿದ್ದು ಸೇವೆಗಳಿಗಾಗಿ. ಹಿಟ್ಟಿನ ಪೊಟ್ಟಣಕ್ಕೆ ನಾಲ್ಕೇ ಧಾರಾಳ. ಯಾವುದಾದರೂ ಗುಂಪು ದರ್ಶಿನಿ ತೆರೆಯುತ್ತೇವೆ ಎಂದು ಹಟ ಹಿಡಿದರೆ ಆಗ ಏಳನ್ನೂ ಹೊರತೆಗೆಯಿರಿ.