ಛೆಟ್ರಿ ಆದಮೇಲೆ ಗೋಲು ಹೊಡೆಯುವವರು ಯಾರು?

ಭಾರತ ಫುಟ್‌ಬಾಲ್ ತಂಡದ ಪಟ್ಟಿ ಹೊರಬಿದ್ದಾಗಲೆಲ್ಲ ಅದೇ ಜಗಳ: ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನು, ಯಾರು? ಫಾರ್ಮ್‌ನಲ್ಲಿ ಇರುವವನನ್ನು ಆಡಿಸಿ ಅಂತ ಹೇಳುವುದು ಸುಲಭ. 2025ರ ಮಾರ್ಚ್‌ನಲ್ಲಿ ಹಾಗೆ ಹುಡುಕಿದಾಗ ಸಿಕ್ಕಿದ್ದು, ಒಂಬತ್ತು ತಿಂಗಳ ಹಿಂದೆ ವಿದಾಯ ಹೇಳಿ ಹೋಗಿದ್ದ 40 ವರ್ಷದ ಸುನಿಲ್ ಛೆಟ್ರಿ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾರಿಂದ ಹಿಡಿದು ಐ.ಎಂ. ವಿಜಯನ್, ಬೈಚುಂಗ್ ಭುಟಿಯಾವರೆಗೆ ಹೇಳಿಕೊಳ್ಳಲು ಹೆಸರುಗಳಿದ್ದವು. 2005ರಲ್ಲಿ ಕ್ವೆಟ್ಟಾದಲ್ಲಿ ಮೊದಲ ಪಂದ್ಯದಲ್ಲೇ ಗೋಲು ಹೊಡೆದ ಛೆಟ್ರಿ ಬಂದಮೇಲೆ ಇನ್ನೊಬ್ಬನನ್ನು ಹುಡುಕುವ ದರ್ದೇ ಇರಲಿಲ್ಲ.

2023ರ ಜೂನ್ 21, ಬೆಂಗಳೂರಿನ ಕಂಠೀರವ. ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿ, ಎದುರಿಗೆ ಪಾಕಿಸ್ತಾನ. ಹತ್ತನೇ ನಿಮಿಷದಲ್ಲಿ ಅವರ ಗೋಲ್‌ಕೀಪರ್ ಕಾಲಲ್ಲಿದ್ದ ಚೆಂಡನ್ನು ಸಂಭಾಳಿಸಲಾಗದೆ ತಡವರಿಸಿದ. ಬೆನ್ನುಹತ್ತಿ ಓಡಿ ಬಂದಿದ್ದ ಛೆಟ್ರಿ ಅದನ್ನು ಬಲೆಗೆ ತಳ್ಳಿಬಿಟ್ಟರು. ಹತ್ತು ಸಲ ಹಾಗೆ ಓಡಿದರೆ ಒಂಬತ್ತು ಸಲ ಏನೂ ಸಿಗುವುದಿಲ್ಲ. ಆದರೂ ಓಡುವುದೇ ಸ್ಟ್ರೈಕರ್ ಕಸುಬು. ಅವತ್ತು ಹ್ಯಾಟ್ರಿಕ್, 4-0 ಗೆಲುವು, ಆಮೇಲೆ ಕಪ್ಪೂ ನಮ್ಮದೇ. ಆ ಸಂಭ್ರಮದಲ್ಲಿ ಮುಂದಿನವನು ಯಾರು ಅಂತ ಕೇಳುವ ಮನಸ್ಸು ಯಾರಿಗಿತ್ತು?

ಏಳು ತಿಂಗಳಿಗೆ ಉತ್ತರ ಸಿಕ್ಕಿತು. ಕತಾರ್‌ನ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯ, ಗೋಲು ಸೊನ್ನೆ. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು 0-0 ಡ್ರಾ ಮಾಡಿಕೊಂಡು ಛೆಟ್ರಿ ಹೊರಟರು. 2024ರ ಇಡೀ ವರ್ಷ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಅವರನ್ನು ವಾಪಸ್ ಕರೆದಿದ್ದಕ್ಕೆ ಟೀಕೆ ಬಂತು. ನನಗೇನೋ ಆ ಸಿಟ್ಟು ತಪ್ಪು ವಿಳಾಸಕ್ಕೆ ಹೋಯಿತು ಅನ್ನಿಸುತ್ತದೆ. 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಅವರದೇ, 14. 2014ರಿಂದ ಅಲ್ಲಿಯವರೆಗಿನ ಹನ್ನೊಂದು ಸೀಸನ್‌ಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಒಮ್ಮೆಯೂ ಭಾರತೀಯನ ಪಾಲಾಗಿಲ್ಲ. ಮೈದಾನದಲ್ಲಿ ವಿದೇಶಿಯರ ಮಿತಿ ಆರರಿಂದ ಐದಕ್ಕೆ, ನಾಲ್ಕಕ್ಕೆ ಇಳಿದರೂ ಬಹುತೇಕ ಕ್ಲಬ್‌ಗಳಲ್ಲಿ ನಡುವಿನ ಸ್ಟ್ರೈಕರ್ ಜಾಗ ಅವರಿಗೇ ಮೀಸಲು. ಕ್ಲಬ್ಬಿಗೆ ಗೆಲ್ಲಬೇಕು, ಕೋಚ್‌ಗೆ ಕೆಲಸ ಉಳಿಯಬೇಕು. ಅವರ ಲೆಕ್ಕ ಅವರಿಗೆ ಸರಿಯೇ. ನಮ್ಮ ಹುಡುಗರಿಗೆ ಉಳಿಯುವುದು ಅಂಚು. ಮೋಹನ್ ಬಗಾನ್‌ನಲ್ಲಿ ಮನ್ವೀರ್ ಸಿಂಗ್ ಬಲಗಡೆ, ಲಿಸ್ಟನ್ ಕೊಲಾಸೊ ಎಡಗಡೆ. ವಾರವಾರ ಅಂಚಿನಲ್ಲಿ ಓಡಿದವನನ್ನು ದೇಶಕ್ಕೆ ಆಡುವಾಗ ನಡುವೆ ನಿಲ್ಲಿಸಿ ಗೋಲು ಹೊಡಿ ಅಂದರೆ?

ವಾಪಸ್ ಬಂದಮೇಲೆ ಮಾಲ್ಡೀವ್ಸ್ ವಿರುದ್ಧ ಛೆಟ್ರಿ ಹೊಡೆದರು. ಏಷ್ಯನ್ ಕಪ್ ಅರ್ಹತಾ ಪಂದ್ಯಗಳಲ್ಲಿ ಬಾಂಗ್ಲಾದೇಶದ ಎದುರು ಯಾರೂ ಹೊಡೆಯಲಿಲ್ಲ, ಹಾಂಗ್‌ಕಾಂಗ್‌ನಲ್ಲೂ ಇಲ್ಲ. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರಕ್ಕೆ 1-2ರಿಂದ ಸೋತು 2027ರ ಏಷ್ಯನ್ ಕಪ್ ಕೈತಪ್ಪಿತು.

ಈಗ ಎಲ್ಲರ ಕಣ್ಣು ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಮೇಲೆ. ಅವರೂ ಅಂಚಿನಲ್ಲಿ ಆಡಿ ಬೆಳೆದವರೇ.