ತಿಮಿಂಗಿಲದ ಕಾಲು ಹುಡುಕಿದ ಕಥೆ

ತಿಮಿಂಗಿಲ ಮೀನಲ್ಲ. ಉಸಿರಿಗಾಗಿ ಮೇಲೆ ಬರುತ್ತದೆ, ಮರಿಗೆ ಹಾಲೂಡಿಸುತ್ತದೆ. ಅದರ ಬಾಲವನ್ನೇ ಗಮನಿಸಿ. ಮೀನು ಬಾಲವನ್ನು ಅಕ್ಕಪಕ್ಕಕ್ಕೆ ಆಡಿಸುತ್ತದೆ, ತಿಮಿಂಗಿಲ ಮೇಲೆ ಕೆಳಗೆ ಬೀಸುತ್ತದೆ. ಜೋರಾಗಿ ಓಡುವ ನಾಯಿಯ ಬೆನ್ನು ಬಾಗಿ ಏಳುವುದೂ ಹೀಗೇ. 1758ರಲ್ಲೇ, ಜೀವಿಗಳನ್ನು ಗುಂಪುಗಳಾಗಿ ವಿಂಗಡಿಸಿದ ವಿಜ್ಞಾನಿ ಲಿನೇಯಸ್ ಅದನ್ನು ಸಸ್ತನಿಗಳ ಗುಂಪಿಗೆ ಸೇರಿಸಿದ್ದ. ಹಾಗಾದರೆ ನೆಲದ ಪ್ರಾಣಿ ಸಮುದ್ರ ಸೇರಿದ್ದು ಹೇಗೆ?

1859ರಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ಊಹೆ ಮಾಡಿದ. ಉತ್ತರ ಅಮೆರಿಕದಲ್ಲಿ ಕಪ್ಪು ಕರಡಿಯೊಂದು ಗಂಟೆಗಟ್ಟಲೆ ಬಾಯಿ ತೆರೆದು ಈಜುತ್ತಾ ಹುಳ ಹಿಡಿಯುವುದನ್ನು ಕಂಡವರಿದ್ದರು. ಇಂಥ ಪ್ರಾಣಿ ನೀರಿಗೆ ಒಗ್ಗುತ್ತಾ ಹೋದರೆ ಕೊನೆಗೆ ತಿಮಿಂಗಿಲದಂಥದ್ದು ಯಾಕಾಗಬಾರದು ಅಂದ. ಜನ ನಕ್ಕರು. ಮುಂದಿನ ಆವೃತ್ತಿಗಳಲ್ಲಿ ಅವನೇ ಆ ಸಾಲುಗಳನ್ನು ಮೊಟಕು ಮಾಡಿದ.

ಕರಡಿಯ ವಿಷಯದಲ್ಲಿ ಅವನು ತಪ್ಪಿದ್ದ, ನಿಜ. ಆದರೆ ಹಿಡಿದ ದಾರಿ ಸರಿಯಿತ್ತು. ಒಂದೇ ತಾಯಿಯ ಮರಿಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ಇರುವ ಜಾಗಕ್ಕೆ ಚೂರು ಜಾಸ್ತಿ ಹೊಂದಿಕೊಂಡದ್ದು ಹೆಚ್ಚು ಮರಿ ಹಾಕುತ್ತದೆ, ಆ ಗುಣ ಮರಿಗಳಿಗೂ ದಾಟುತ್ತದೆ. ಹೀಗೆ ಲಕ್ಷಾಂತರ ತಲೆಮಾರು ಕಳೆದರೆ ಮೈಕಟ್ಟೇ ಬೇರೆಯಾಗುತ್ತದೆ. ಯಾವ ಕರಡಿಯೂ ತಾನಿರುವಷ್ಟು ದಿನದಲ್ಲಿ ಬೇರೆ ಪ್ರಾಣಿಯಾಗುವುದಿಲ್ಲ. ಬದಲಾಗುವುದು ವಂಶ. ಬಹಳ ಜನ ಎಡವುವುದು ಇಲ್ಲೇ.

ಇದು ನಿಜವಾದರೆ ನೆಲದ ಮೇಲೆ ನಡೆದಾಡಿದ ತಿಮಿಂಗಿಲದ ಮೂಳೆ ಎಲ್ಲಾದರೂ ಸಿಗಬೇಕಲ್ವಾ? ನೂರು ವರ್ಷ ದಾಟಿದರೂ ಸಿಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ತಕರಾರು ಎದ್ದಿತ್ತು. 1950ರಲ್ಲಿ ರಕ್ತದ ಪ್ರೋಟೀನುಗಳನ್ನು ಹೋಲಿಸಿದವರು, ತಿಮಿಂಗಿಲ ಹಸು, ಹಂದಿ, ಜಿಂಕೆಗಳಂಥ ಸೀಳು ಗೊರಸಿನ ಪ್ರಾಣಿಗಳಿಗೆ ಹತ್ತಿರ ಅಂದರು. ಮುಂದೆ ಡಿಎನ್‌ಎ ಇನ್ನೂ ಖಚಿತವಾಗಿ ನೀರಾನೆಯತ್ತ ಕೈ ತೋರಿಸಿತು. ಪಳೆಯುಳಿಕೆ ಓದುವವರು ಒಪ್ಪಲಿಲ್ಲ. ಹಲ್ಲುಗಳನ್ನು ನೋಡಿ, ಇದು ಮಾಂಸ ತಿನ್ನುತ್ತಿದ್ದ, ಈಗ ಪೂರ್ತಿ ಅಳಿದುಹೋಗಿರುವ ಬೇರೊಂದು ಗುಂಪಿನ ಸಂತಾನ ಎಂದು ಅವರು ನಂಬಿದ್ದರು.

1981ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ ತಲೆಬುರುಡೆಯೊಂದರ ವಿವರ ಹೊರಬಂತು. ಸುಮಾರು 5 ಕೋಟಿ ವರ್ಷ ಹಳೆಯದು. ಕಿವಿಯ ಮೂಳೆಯ ಒಳಬದಿ ತಿಮಿಂಗಿಲದ್ದರಂತೆಯೇ ದಪ್ಪ. ಪಾಕಿಸೀಟಸ್ ಅಂತ ಹೆಸರಿಟ್ಟರು. 1994ರಲ್ಲಿ ಆಂಬ್ಯುಲೊಸೀಟಸ್ ಬಂತು. ದೊಡ್ಡ ಪಾದಗಳ, ನಡೆಯಲೂ ಈಜಲೂ ಬಲ್ಲ ತಿಮಿಂಗಿಲ! ಆದರೂ ಜಗಳ ಮುಗಿಯಲಿಲ್ಲ.

ಮುಗಿಸಿದ್ದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮೂಳೆ, ಹಿಂಗಾಲಿನ ಪಾದದ ಕೀಲಿನದ್ದು. ಹಸುವಿನಲ್ಲಿ, ಹಂದಿಯಲ್ಲಿ ಈ ಮೂಳೆಯ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಬಾವಿಯ ರಾಟೆಯಂಥ ನಯವಾದ ತಗ್ಗಿದೆ. ಸೀಳು ಗೊರಸಿನವನ್ನು ಬಿಟ್ಟರೆ ಬೇರೆ ಯಾವ ಪ್ರಾಣಿಗೂ ಈ ಎರಡು ರಾಟೆ ಇಲ್ಲ. 2001ರ ಸೆಪ್ಟೆಂಬರಿನಲ್ಲಿ, ಒಂದೇ ವಾರದಲ್ಲಿ, ಎರಡು ತಂಡಗಳು ಹಳೆಯ ತಿಮಿಂಗಿಲಗಳ ಈ ಮೂಳೆಯನ್ನು ತೋರಿಸಿದವು. ಎರಡರಲ್ಲೂ ಜೋಡಿ ರಾಟೆ. ಹಲ್ಲಿನ ಸಾಕ್ಷಿಯನ್ನು ನಂಬಿದ್ದ ಫಿಲಿಪ್ ಗಿಂಗರಿಚ್, ತಾವೇ ಅಗೆದು ತೆಗೆದ ಮೂಳೆ ನೋಡಿ ಅಭಿಪ್ರಾಯ ಬದಲಿಸಿದರು. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾಗುವ ಗಳಿಗೆ ಇದು. ಮೂಳೆಯೂ ಡಿಎನ್‌ಎಯೂ ಒಂದಕ್ಕೊಂದು ಗೊತ್ತಿಲ್ಲದ ಸಾಕ್ಷಿಗಳು. ಎರಡೂ ಒಂದೇ ಮಾತು ಹೇಳಿದವು. ಹಾಗಂತ ನೀರಾನೆ ತಿಮಿಂಗಿಲದ ಅಜ್ಜ ಅಲ್ಲ, ದಾಯಾದಿ ಅಷ್ಟೇ. ಇಬ್ಬರಿಗೂ ಅಜ್ಜ ಒಬ್ಬನೇ.

ನೆಲದ ಕಡೆಯ ಇನ್ನೊಂದು ಕೊಂಡಿ ಕಲ್ಲಿನೊಳಗೆ ಕಾದಿತ್ತು. ಭೂವಿಜ್ಞಾನಿ ಎ. ರಂಗ ರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಆರಿಸಿ ತಂದ ಕಲ್ಲುಗಳು ಅವರ ಕಾಲಾನಂತರ ಪಳೆಯುಳಿಕೆ ತಜ್ಞ ಹಾನ್ಸ್ ತೇವಿಸೆನ್ ಕೈ ಸೇರಿದವು. ಬಿಡಿಸುವಾಗ ಒಂದು ತಲೆಬುರುಡೆ ಅಕಸ್ಮಾತ್ ಮುರಿಯಿತು. ಒಳಗೆ ಅದೇ ದಪ್ಪ ಕಿವಿಮೂಳೆ! ಇಂಡೊಹ್ಯೂಸ್ ಎಂಬ ಆ ಪ್ರಾಣಿಯ ವಿವರ 2007ರಲ್ಲಿ ಪ್ರಕಟವಾಯಿತು. ಹೆಚ್ಚೂಕಡಿಮೆ ಬೆಕ್ಕಿನ ಗಾತ್ರ, ಸಣಕಲು ಕಾಲು, ಸೀಳು ಗೊರಸು. ಕಾಲಿನ ಮೂಳೆಗಳ ಹೊರಪದರ ಮಾತ್ರ ದಪ್ಪ, ಭಾರ. ತೇಲಿಹೋಗದೆ, ನೀರಿನ ತಳದಲ್ಲಿ ಕಾಲೂರಿ ನಡೆಯಲು ಆಗುವಷ್ಟು ಭಾರ.